ಬೆಳಕಿಂಡಿ ಮುಚ್ಚಿ ಮನೆ ಮಾರಲು ಹೊರಟಿದ್ದೆ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಡೆದದ್ದಿದು. ನಮ್ಮ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವ ಸರಕಾರಿ ಕಚೇರಿಯಲ್ಲಿ ಜವಾನಳು. ಯಲಬುರ್ಗಾದಿಂದ ಗಂಗಾವತಿಗೆ ವರ್ಗವಾಗಿ ಆರು ತಿಂಗಳಾಗಿತ್ತು. ಕಚೇರಿ ಬೀಗ ತೆಗೆಯುವವಳೇ ಅವಳು. ಹೀಗಾಗಿ ನಸುಕಿನಲ್ಲೇ ಹೊರಟು, ಕೊಪ್ಪಳದಲ್ಲಿ ಬಸ್ ಬದಲಿಸಿ ಹೋಗುತ್ತಿದ್ದಳು. ಸಂಜೆ ಬಂದಾಗ ಕಾಲು ಊದಿರುತ್ತಿತ್ತು. ಯಲಬುರ್ಗಾದ ನಮ್ಮ ಮಣ್ಣಿನ ಮಾಳಿಗೆಯ ಮನೆ ಒಳ್ಳೆ ಬೆಲೆಗೆ ಹೋದರೆ ಗಂಗಾವತಿಯಲ್ಲಿ ಸಣ್ಣದೊಂದು ಮನೆ ಕೊಳ್ಳಬಹುದಿತ್ತು. ಆದರೆ ಬಂದವರೆಲ್ಲ "ಹಳೇ ಮನಿ" ಎಂದು ಮೂಗು ಮುರಿಯುತ್ತಿದ್ದರು.

ನನಗೆ ಮೊಬೈಲಿನಲ್ಲಿ ಮನೆ ರಿಪೇರಿ ವಿಡಿಯೋ ನೋಡುವ ಹುಚ್ಚು. "ಅವ್ವಾ, ಮನಿ ನನಗ ಬಿಡು" ಎಂದೆ. ಸೋರುವ ಮಾಳಿಗೆ ಸರಿ ಮಾಡಿಸಿದೆ. ಬಚ್ಚಲಿಗೆ ಟೈಲ್ಸ್ ಹಾಕಿಸಿದೆ. ಗೋಡೆಗೆ ನಾನೇ ಬಣ್ಣ ಬಳಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಜಾಣೆ ಎನ್ನಿಸಿಕೊಳ್ಳುತ್ತಿದ್ದೆ! ಆದರೆ ವಿಡಿಯೋದಲ್ಲಿ ಪಿಒಪಿ ಸೀಲಿಂಗ್ ನೋಡಿಬಿಟ್ಟಿದ್ದೆ. ಅಡುಗೆಮನೆಯ ಬೆಳಕಿಂಡಿಗೆ ಮೇಲಿಂದ ಕಲ್ಲು ಎಳೆದು, ಕೆಳಗೆ ಸೀಲಿಂಗ್ ಹಾಕಿಸಿ, ಬಣ್ಣದ ಲೈಟು ಕೂರಿಸಿದೆ.

"ಹೊಗಿ ಎಲ್ಲಿಂದ ಹೋಗಬೇಕ?" ಎಂದಳು ಅವ್ವ.

"ಗ್ಯಾಸ್ ಐತಲ್ಲವ್ವಾ!"

ಬಸ್ಸಿನ ಓಡಾಟದಲ್ಲಿ ಅವ್ವ ಕಟ್ಟಿಗೆ ಒಲೆ ಹಚ್ಚುವುದನ್ನೇ ಬಿಟ್ಟಿದ್ದಳು. ಆಮೇಲೆ ಆ ಮಾತು ಬರಲಿಲ್ಲ.

ಒಂದು ಭಾನುವಾರ ಕುಷ್ಟಗಿ ಕಡೆಯ ಮಾಸ್ತರೊಬ್ಬರು ತಾಯಿಯನ್ನು ಕರೆದುಕೊಂಡು ಮನೆ ನೋಡಲು ಬಂದರು. ನಾನು ಜಂಬದಿಂದ ಲೈಟೆಲ್ಲ ಹಾಕಿದೆ. ಅಜ್ಜಿ ತಲೆ ಎತ್ತಿ, "ಏನವಾ ಇದು, ಮದುವಿ ಹಂದರ ಆಗೈತಲ್ಲ!" ಎಂದಳು. ಸೀದಾ ಕಟ್ಟಿಗೆ ಒಲೆ ಮುಂದೆ ಹೋಗಿ ಕೂತಳು. "ಒಂದ್ ಬಟ್ಟಲ ಹಿಟ್ಟ ಕೊಡ. ರೊಟ್ಟಿ ಮಾಡಿ ನೋಡ್ತೀನಿ. ಒಲಿ ಉರೀಲಿಲ್ಲಂದ್ರ ಆ ಮನಿ ತಗೊಂಡೇನ್ ಮಾಡೂದು?"

ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಒಲೆ ಹತ್ತಿತು. ಎರಡೇ ನಿಮಿಷ, ಮನೆ ತುಂಬ ಹೊಗೆ! ಬಿಳಿ ಸೀಲಿಂಗು ಮಸಿಯಾಗತೊಡಗಿತು. ಮಾಸ್ತರು ಕೆಮ್ಮುತ್ತಾ, "ಯವ್ವಾ, ಮನಿ ನೋಡಾಕ ಬಂದಿಯೋ, ಸೊಳ್ಳಿ ಓಡಸಾಕ ಬಂದಿಯೋ?" ಎಂದು ಬಾಗಿಲ ಕಡೆ ಹೊರಟೇಬಿಟ್ಟರು. ಅವರು ಹೊಸ್ತಿಲು ದಾಟಿದರೆ ಅವ್ವನಿಗೆ ಮತ್ತೆ ಅದೇ ಬಸ್ಸು.

"ಒಂದ್ ನಿಮಿಷ ನಿಂದರ್ರಿ ಸರ!" ಎಂದು ಕೂಗಿ, ಹಾರೆ ಹಿಡಿದು ಏಣಿ ಹತ್ತಿ ಮಾಳಿಗೆ ಮೇಲೆ ಹೋದೆ. ಬೆಳಕಿಂಡಿಯ ಕಲ್ಲು ಸರಿಸಿ, "ಅಜ್ಜೀ, ಹಿಂದಕ್ಕ ಸರೀರಿ!" ಎಂದು ಚೀರಿ ಕುಟ್ಟಿದೆ. ನಾನು ಅಷ್ಟು ಮುದ್ದಿನಿಂದ ಮಾಡಿಸಿದ ಸೀಲಿಂಗು ದಬಕ್ಕನೆ ಕೆಳಗೆ ಬಿತ್ತು. ಹೊಗೆ ನನ್ನ ಮುಖಕ್ಕೇ ರಾಚಿ ಹೊರಗೆ ಹೋಯಿತು. ಕೆಳಗೆ ಇಣುಕಿದರೆ ಒಲೆಯ ಮುಂದೆ ಬಿಸಿಲು ಕೋಲಿನಂತೆ ನಿಂತಿತ್ತು. ಅಜ್ಜಿಯ ತಲೆ, ರೊಟ್ಟಿ, ಹಂಚು ಎಲ್ಲ ಸೀಲಿಂಗಿನ ಪುಡಿಯಿಂದ ಬೆಳ್ಳಗೆ.

"ಹಿಟ್ಟ ಸಾಲದಂತ ಮ್ಯಾಲಿಂದ ಹಾಕಿದೇನ?" ಎಂದಳು ಅಜ್ಜಿ.

ಮೊದಲು ನಕ್ಕವಳು ಅವ್ವ. ಆಮೇಲೆ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಹಂಚು ಒರೆಸಿ ಬೇರೆ ಹಿಟ್ಟು ಕಲಸಿದಳು. ಈ ಸಲ ರೊಟ್ಟಿ ಗಾಳಿ ತುಂಬಿದ ಪುಗ್ಗಿಯಂತೆ ಉಬ್ಬಿತು. ಅದನ್ನು ಮುರಿದು ನಮಗೆಲ್ಲ ಕೊಟ್ಟು, ಮಗನಿಗೆ, "ಇದನ್ನ ತಗೋ. ಮಾಳಿಗಿ ಸೋರೂದಿಲ್ಲ, ಬಚ್ಚಲ ಛಲೋ ಐತಿ, ಒಲಿ ಉರೀತೈತಿ. ಹುಡಿಗೀನೂ ಧೈರ್ಯದಾಕಿ" ಎಂದಳು. ಮಾಸ್ತರು ಅವ್ವನ ಕಡೆ ತಿರುಗಿ, "ಯಾವಾಗ ಬಿಟ್ಟುಕೊಡ್ತೀರಿ ಅಕ್ಕಾರ?" ಎಂದರು. ನಾವು ಅಂದುಕೊಂಡಿದ್ದ ಬೆಲೆಯೇ ಬಂತು.

ಮನೆಯನ್ನು ಯಾರು ಹೇಗೆ ಬಳಸುತ್ತಾರೆ ಎಂದು ಕೇಳದೆ ಈಗ ನಾನು ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಗಂಗಾವತಿಯ ಹೊಸ ಮನೆಗೆ ಬಂದ ಮೊದಲ ಸೋಮವಾರ, ಒಂಬತ್ತಾಗುತ್ತ ಬಂದರೂ ಅವ್ವ ಬಾಗಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದಳು.

"ತಡ ಆಗೂದಿಲ್ಲೇನವ್ವಾ?"

"ಕಚೇರಿ ಮುಂದಿನ ಓಣ್ಯಾಗೇ ಐತಿ. ಇನ್ನೊಂದ್ ಕಪ್ ಹಾಕ್ಕೊಂಡ್ ಬಾ."

ಆ ಚಹಾ ಸೋಸುವಾಗ ನನಗಾದ ಖುಷಿ ಯಾವ ವಿಡಿಯೋ ನೋಡಿದಾಗಲೂ ಆಗಿಲ್ಲ.