ಮಿಕ್ಸಿಯಲ್ಲಿ ಬರೀ ನೀರು

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಆಗಲೇ ಮೂರನೇ ಸಲ ತಿರುಗುತ್ತಿದೆ. ಜಾರಿನಲ್ಲಿರುವುದು ಬರೀ ನೀರು. ಪಕ್ಕದಲ್ಲಿ ಲ್ಯಾಪ್‌ಟಾಪ್, ಎರಡು ಮೈಕು. ಒಂದರ ಮುಂದೆ ಬಾಗಿ ಆಕೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಾರೆ. ಇನ್ನೊಂದು ಮಿಕ್ಸಿಯ ಗದ್ದಲವನ್ನು ಕೇಳಿಸಿಕೊಳ್ಳುತ್ತದೆ. ಸದ್ದು ಏರಿದಂತೆ ಹೆಡ್‌ಫೋನಿನಲ್ಲಿ ತಮ್ಮ ದನಿಯೂ ಏರಿತೇ ಎಂದು ಗಮನಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

"ಏನೂ ರುಬ್ಬದೆ ಮಿಕ್ಸಿ ಸವೆಸೋಳು ಇವಳೊಬ್ಬಳೇ," ಎನ್ನುತ್ತಾ ಬರುವ ಅತ್ತೆ, ತಾವೇ ಹೋಗಿ ಸ್ವಿಚ್ಚಿನ ಬಳಿ ನಿಲ್ಲುತ್ತಾರೆ.

ಜೊತೆ ಕೆಲಸಗಾರರಿಗೆ ಈಕೆ 'ಮಿಕ್ಸಿ ಅಕ್ಕ'. ಹಗಲು ಕಚೇರಿ, ಅದಕ್ಕೂ ಮುಂಚೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಧ್ವನಿ ತಂತ್ರಾಂಶವೊಂದರ ಆರೈಕೆ. ಅದರೊಳಗೆ ಕೂರಿಸುವ ಪುಟ್ಟ ಪ್ರೋಗ್ರಾಂಗಳೇ ಪ್ಲಗಿನ್‌ಗಳು: ಒಂದು ದನಿ ಏರಿಸುತ್ತದೆ, ಇನ್ನೊಂದು ಗೊರಗೊರ ತೆಗೆಯುತ್ತದೆ. ಕೆಲವು 'ರಿಯಲ್‌ಟೈಮ್' ಎಂಬ ಗುರುತು ಹೊತ್ತು ಬರುತ್ತವೆ. ಪ್ಲಗಿನ್ ಬರೆಯುವ ನಿಯಮಗಳಲ್ಲಿ ಅದಕ್ಕಿರುವುದು ಒಂದೇ ಸಾಲು, ಅದೂ ಅಸ್ಪಷ್ಟ. ಕೆಲವು ತಯಾರಕರ ಪ್ರಕಾರ ಅದು ತಡಮಾಡದೆ ಕೆಲಸ ಮುಗಿಸುವ ಭರವಸೆ. ಇನ್ನು ಕೆಲವರಿಗೆ ಅದೊಂದು ಎಚ್ಚರಿಕೆ: ಒಮ್ಮೆ ಹಾಕಿದ ಲೆಕ್ಕವನ್ನೇ ಇಟ್ಟುಕೊಂಡು ಬಳಸಬೇಡಿ, ಕ್ಷಣಕ್ಷಣವೂ ಹೊಸದಾಗಿ ಕೇಳಿಸಿಕೊಳ್ಳಲು ಬಿಡಿ.

ಮೂರು ವರ್ಷದ ಹಿಂದೆ ಈಕೆ ಎಲ್ಲಕ್ಕೂ ಮೊದಲ ಅರ್ಥವನ್ನೇ ಹಿಡಿದು, ಒಮ್ಮೆ ಹಾಕಿದ ಲೆಕ್ಕವನ್ನೇ ತಂತ್ರಾಂಶ ಮತ್ತೆ ಮತ್ತೆ ಬಳಸುವಂತೆ ಮಾಡಿದರು. ತಂತ್ರಾಂಶ ಚುರುಕಾಯಿತು, ಎಲ್ಲರೂ ಬೆನ್ನು ತಟ್ಟಿದರು. ವಾರದೊಳಗೆ ಒಬ್ಬ ಟೀಚರ್ ಪತ್ರ ಬರೆದರು. ಗಂಟಲಿನ ಆಪರೇಷನ್ ಆಗಿ ಪಿಸುದನಿಯಷ್ಟೇ ಉಳಿದವರು. ತರಗತಿಯ ಗದ್ದಲಕ್ಕೆ ತಕ್ಕಂತೆ ದನಿ ಏರಿಸುವ ಪ್ಲಗಿನ್ ನಂಬಿ ಪಾಠ ಮಾಡುವವರು. ಈ ಬದಲಾವಣೆಯ ನಂತರ ಅದು ಬೆಳಗ್ಗೆ ಖಾಲಿ ಕೋಣೆಯಲ್ಲಿ ಅಳೆದ ಮಟ್ಟದಲ್ಲೇ ನಿಂತುಬಿಡುತ್ತಿತ್ತು. ಅವರ ದನಿ ಮೊದಲ ಬೆಂಚನ್ನೂ ದಾಟುತ್ತಿರಲಿಲ್ಲ.

"ಬೈದಿದ್ರೆ ಸಮಾಧಾನ ಆಗ್ತಿತ್ತು. ಯಾವ ಹೊತ್ತಲ್ಲಿ ಏನಾಯ್ತು ಅಂತ ಮೂರು ಪುಟ ಬರೆದು, ಕೊನೇಲಿ, ಇಷ್ಟು ದಿನ ನಿಮ್ಮಿಂದ ಪಾಠ ಮಾಡಿದೆ, ಥ್ಯಾಂಕ್ಸ್ ಅಂದಿದ್ರು. ಅವತ್ತಿಂದ ನಾನು ಗುರುತು ನಂಬಲ್ಲ, ಕಿವಿ ನಂಬ್ತೀನಿ. ಈ ಕೆಲಸ ಕಲಿಸಿದ್ದೇ ಅವರು," ಎನ್ನುತ್ತಾರೆ ಮಿಕ್ಸಿ ಅಕ್ಕ.

ಈವರೆಗೆ ಹೀಗೆ ಒಂದೊಂದಾಗಿ ಕೇಳಿ, ಗುರುತಿಗೆ ಯಾವ ಅರ್ಥವೆಂದು ತೀರ್ಮಾನಿಸಿದ ಪ್ಲಗಿನ್‌ಗಳು ಇನ್ನೂರ ಹದಿನಾರು. ಹೊಸವು ಬರುತ್ತಲೇ ಇವೆ. ಕಿವಿ ದಣಿದಿದೆ, ತಿಂಗಳ ಕೊನೆಗೆ ಬಿಡುತ್ತೇನೆಂದು ತಂಡಕ್ಕೆ ಪತ್ರ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ ಎಂದು ಮಾತಿನ ನಡುವೆ ಹೇಳುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು, ಆಮೇಲೆ ಯಾರು ಪರೀಕ್ಷಿಸುತ್ತಾರೆಂದು ಕೇಳುತ್ತೇನೆ. ಯಾರೂ ಇಲ್ಲ, ತಂಡದವರು ಗುರುತನ್ನು ಮತ್ತೆ ಮೊದಲಿನಂತೆಯೇ ನಂಬುತ್ತಾರಂತೆ.

ಟೀಚರ್ ನಿನ್ನೆ ಸಂಜೆ ಕಳಿಸಿದ ಸಂದೇಶವನ್ನು ನನಗೆ ಕೇಳಿಸುತ್ತಾರೆ. ಕೆರೆದಂಥ, ಆದರೆ ಸ್ಪಷ್ಟವಾದ ದನಿ: "ಇವತ್ತು ಕೊನೇ ಬೆಂಚಿನವಳು ನಕ್ಕಳು ಕಣಮ್ಮ. ನನ್ನ ಜೋಕು ಅಲ್ಲಿವರೆಗೂ ಹೋಯ್ತು."

ಅದನ್ನು ಇನ್ನೊಮ್ಮೆ ಕೇಳುತ್ತಾರೆ. ಬರೆದಿಟ್ಟ ಪತ್ರವನ್ನು ಪರದೆಯ ಮೇಲೆ ತೆರೆದು, ಓದದೆಯೇ ಅಳಿಸುತ್ತಾರೆ. ನೋಟ್‌ಬುಕ್ಕಿನ ಹಾಳೆ ತಿರುಗಿಸಿ, ಸ್ಕೇಲ್ ಹಿಡಿದು, ಮುಂದಿನ ತಿಂಗಳಿಗೆ ಗೆರೆ ಎಳೆಯತೊಡಗುತ್ತಾರೆ.

"ಮುಗೀತಾ?" ಸ್ವಿಚ್ಚಿನ ಬಳಿಯಿಂದ ಅತ್ತೆಯ ಪ್ರಶ್ನೆ.

"ಇನ್ನೊಂದ್ಸಲ ಹಾಕಿ ಅತ್ತೆ."