ಉತ್ತರ ಕೊಟ್ಟ ತಾಶ್ತಾನ್

ಗಂಡನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಬುರುಲ್, "ಹಣಕಾಸು ಸಚಿವಾಲಯದಲ್ಲಿ ಉತ್ತರ ಬರೀತಾರೆ" ಎನ್ನುತ್ತಿದ್ದಳು.

"ಯಾವುದಕ್ಕೆ ಉತ್ತರ?"

"ಶಾಸಕರು ಕೇಳ್ತಾರಲ್ಲ, ತೆರಿಗೆ ಯಾಕೆ, ಸುಂಕ ಯಾಕೆ ಅಂತ, ಅದಕ್ಕೆ."

"ಏನಂತ ಬರೀತಾರೆ?"

"ನಾನೂ ಒಂದೆರಡು ಓದಿದೀನಿ ಕಣಮ್ಮ. ಓದಿ ಮುಗಿಸಿದ ಮೇಲೆ ಏನೂ ನೆನಪಿರಲ್ಲ."

ಬುರುಲ್ ಇದನ್ನು ದೂರಿನಂತೆ ಹೇಳುತ್ತಿದ್ದಳು. ಅವಳ ಗಂಡ ತಾಶ್ತಾನ್ ಮಾತ್ರ ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದ. ಓದಿದವರಿಗೆ ನೆನಪಿರದಂಥ ಉತ್ತರ ಬರೆಯುವುದು ಸುಲಭದ ವಿದ್ಯೆಯಲ್ಲ. ಅವನು ಅದನ್ನು ಕಲಿತದ್ದು ಕಾಲೇಜಿನಲ್ಲೂ ಅಲ್ಲ. ನಾರಿನ್ ಬೆಟ್ಟಗಳ ಕಡೆಯ ಕುರಿ ಮೇಯಿಸುವವರ ಮನೆಯಿಂದ ರಾಜಧಾನಿ ಬಿಷ್ಕೆಕ್‌ಗೆ ಬಂದು ಗಣಿತ ಓದಿದ. ಓದು ಮುಗಿಯುವ ಹೊತ್ತಿಗೆ ಹಳೆಯ ಸರ್ಕಾರ ಬಿದ್ದು ದೇಶವೇ ಬದಲಾಗಿ, ಗಣಿತ ಬಲ್ಲವರಿಗೆ ಸಂಬಳ ಕೊಡುವವರಿಲ್ಲದೆ, ನಾಲ್ಕಾರು ವರ್ಷ ಬಜಾರಿನಲ್ಲಿ ಚೀನಾದ ಥರ್ಮಾಸ್ ಮಾರಿದ. "ಚಹಾ ಎಷ್ಟು ಹೊತ್ತು ಬಿಸಿ ಇರುತ್ತಪ್ಪಾ?" ಎಂದು ಗಿರಾಕಿ ಕೇಳಿದರೆ, "ಆರೋವರೆಗೂ ಬಿಸಿನೇ ಇರುತ್ತೆ ಅಮ್ಮ" ಎನ್ನುತ್ತಿದ್ದ. ಸುಳ್ಳು ಹೇಳಿದ ಪಾಪವೂ ಇಲ್ಲ, ನಿಜ ಹೇಳಿದ ನಷ್ಟವೂ ಇಲ್ಲ. ಸಚಿವಾಲಯಕ್ಕೆ ಸೇರಿದ ಮೇಲೆ ಅವನ ಕೈಹಿಡಿದದ್ದು ಇದೇ.

ಶಾಸಕರ ಸಮಿತಿಯ ವಿಚಾರಣೆಗಳಲ್ಲಿ ಅವನ ಜಾಗ ಎರಡನೆಯ ಸಾಲು, ಉಪಮಂತ್ರಿಯ ಬೆನ್ನಿಗೆ. ಶಾಸಕರು ಪ್ರಶ್ನೆ ಎಸೆದ ಕೂಡಲೇ ಒಂದು ಚೀಟಿ ಬರೆದು ಮುಂದಕ್ಕೆ ದಾಟಿಸಬೇಕು. "ವಿಷಯ ನಮ್ಮ ಗಮನದಲ್ಲಿದೆ." "ಸಂಬಂಧಪಟ್ಟವರೊಡನೆ ಸೇರಿ ಪರಿಶೀಲಿಸುತ್ತಿದ್ದೇವೆ." ಪ್ರಶ್ನೆ ತೀರಾ ಮೊನಚಾಗಿದ್ದರೆ, "ಗೌರವಾನ್ವಿತ ಸದಸ್ಯರು ಬಹಳ ಮುಖ್ಯವಾದ ಪ್ರಶ್ನೆ ಎತ್ತಿದ್ದಾರೆ." ಇದನ್ನು ಕೇಳಿದ ಸದಸ್ಯನಿಗೆ ಎದೆ ಉಬ್ಬಿ, ತಾನು ಕೇಳಿದ್ದೇನೆಂಬುದೇ ಮರೆತುಹೋಗುತ್ತಿತ್ತು. ಹಾಗೆಂದು ಶಾಸಕರೇನೂ ದಡ್ಡರಲ್ಲ. ಉತ್ತರ ಸಿಗಲಿಲ್ಲ ಎಂದು ಅವರು ಮೇಜು ಕುಟ್ಟುವುದು ಸಂಜೆ ಟೀವಿಯಲ್ಲಿ ಬರುತ್ತಿತ್ತು. ಉತ್ತರ ಸಿಕ್ಕಿಬಿಟ್ಟರೆ ಕುಟ್ಟಲು ಮೇಜೆಲ್ಲಿ? ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ನಂಬಿಕೊಂಡು ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದರು.

ಆ ಚಳಿಗಾಲದಲ್ಲಿ ತಾಶ್ತಾನ್‌ನ ಮೇಲಿನ ಮುಖ್ಯಸ್ಥ ನಿವೃತ್ತನಾದ. ಮುಖ್ಯಸ್ಥನ ಸಂಬಳದ ಮೇಲೆ ತಾಶ್ತಾನ್‌ಗೆ ಅಂಥ ಆಸೆಯಿರಲಿಲ್ಲ. ಆಸೆಯಿದ್ದದ್ದು ಮುಖ್ಯಸ್ಥನ ಕೋಣೆಯ ಮೇಲೆ. ಅದಕ್ಕೆ ಬಾಗಿಲಿತ್ತು. ತಾಶ್ತಾನ್ ಕೂರುತ್ತಿದ್ದ ದೊಡ್ಡ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಏಳು ಜನ ಔಷಧಿ ಹೇಳುತ್ತಿದ್ದರು. ಬುರುಲ್ ಫೋನು ಮಾಡಿ ಈರುಳ್ಳಿ ತರಲು ಹೇಳಿದರೆ, ಪಕ್ಕದ ಮೇಜಿನ ವೆನೆರಾ ಸಂಜೆ ನೆನಪಿಸುತ್ತಿದ್ದಳು. ಐವತ್ತೈದು ವರ್ಷದ ಗಂಡಸಿಗೆ ಬಾಗಿಲು ಹಾಕಿಕೊಂಡು ಒಂದರ್ಧ ಗಂಟೆ ಸುಮ್ಮನೆ ಕೂರುವ ಯೋಗವಿಲ್ಲವೆಂದರೆ ಹೇಗೆ?

ಉಪಮಂತ್ರಿ ಮೆದೆರ್ ಚಿಕ್ಕ ವಯಸ್ಸಿನವನು, ಹೊರದೇಶದಲ್ಲಿ ಓದಿದವನು. ತಾಶ್ತಾನ್‌ನನ್ನು ಕರೆದು, ವಯಸ್ಸಿನಲ್ಲಿ ಹಿರಿಯರಿಗೆ ಹೇಳುವ 'ಬಾಯ್ಕೆ' ಸೇರಿಸಿ, ನೇರವಾಗಿಯೇ ಹೇಳಿದ: "ಬಾಯ್ಕೆ, ನೀವು ನನಗೆ ಅಣ್ಣ ಇದ್ದ ಹಾಗೆ. ಬಟ್ಟೆ ಸುಂಕದ ಮಸೂದೆ ಸಮಿತಿ ದಾಟಿಸಿಬಿಡಿ. ಆ ಕೋಣೆ ಬೀಗದಕೈ ನಿಮ್ಮ ಜೇಬಲ್ಲಿ."

ಗಡಿ ದಾಟಿ ಬರುವ ಬಟ್ಟೆಯ ಥಾನಿಗೆ ಅಲ್ಲಿಯವರೆಗೆ ತೂಕ ನೋಡಿ ಸುಂಕ ಹಾಕುತ್ತಿದ್ದರು. ಇನ್ನು ಬೆಲೆ ನೋಡಿ ಹಾಕಬೇಕೆಂಬುದು ಮಸೂದೆ. ಬೊಕ್ಕಸಕ್ಕೆ ಒಳ್ಳೆಯದು, ಲೆಕ್ಕವೂ ನ್ಯಾಯದ್ದೇ. ನೆಲಮಾಳಿಗೆಗಳಲ್ಲಿ ನಾಲ್ಕು ಮೆಷಿನ್ ಇಟ್ಟುಕೊಂಡು ಅಂಗಿ ಹೊಲಿಯುವ ಹೆಂಗಸರ ಗತಿಯೇನು ಎಂಬುದನ್ನೂ ತಾಶ್ತಾನ್ ಲೆಕ್ಕ ಹಾಕಿದ್ದ: ಬಟ್ಟೆ ತುಟ್ಟಿಯಾಗಿ ಸಣ್ಣ ಹೊಲಿಗೆ ಅಂಗಡಿಗಳಲ್ಲಿ ಮೂರಕ್ಕೊಂದು ಮುಚ್ಚುತ್ತದೆ. ಮೆದೆರ್‌ಗೂ ಹೇಳಿದ್ದ. "ಕೇಳಿದ್ರೆ ನೋಡೋಣ ಬಾಯ್ಕೆ" ಎಂದಿದ್ದ ಮೆದೆರ್. ಕೇಳಿದರೆ ಏನು ಬರೆಯಬೇಕೆಂದು ತಾಶ್ತಾನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆ ಸಮಿತಿಯಲ್ಲಿ ಅಸಾನ್‌ಕುಲ್ ಇದ್ದ. ಭಾರಿ ಆಳು, ಭಾರಿ ಗಂಟಲು. ಹಿಂದಿನ ಶರತ್ಕಾಲದಲ್ಲಿ ತಾಶ್ತಾನ್‌ನ ಮಗಳು ಚೋಲ್ಪೋನ್ ಅವನ ಮನೆಗೆ ಸೊಸೆಯಾಗಿ ಹೋಗಿದ್ದಳು. ಅಂದರೆ ಬೀಗರು. ಬರಿಯ ಬಾಯಿಮಾತಿನ ಬೀಗರೂ ಅಲ್ಲ. ಸಂಬಂಧ ಗಟ್ಟಿಯಾಗಲೆಂದು, ಪದ್ಧತಿಯಂತೆ, ಕುರಿಬಾಲದ ಕೊಬ್ಬನ್ನೂ ಈಲಿಯನ್ನೂ ಒಂದೇ ತಟ್ಟೆಯಿಂದ ಒಬ್ಬರ ಬಾಯಿಗೊಬ್ಬರು ಇಟ್ಟು ತಿಂದ ಬೀಗರು. ಅದನ್ನು ತಿಂದ ಮೇಲೆ ಬೀಗರ ಕಾಲೆಳೆಯಬಹುದು, ಟೋಪಿ ಬಚ್ಚಿಡಬಹುದು, ಕುಡಿಸಿ ಕುಣಿಸಬಹುದು. ಮುಖಕ್ಕೆ ಮುಖ ಕೊಟ್ಟು ಕೇಳಿದ ಮಾತಿನಿಂದ ಮಾತ್ರ ಜಾರಿಕೊಳ್ಳುವಂತಿಲ್ಲ. ಜಾರಿಕೊಂಡರೆ ಕೊಟ್ಟ ಹೆಣ್ಣಿಗೇ ಅವಮಾನ. ತಾಶ್ತಾನ್‌ನ ಅಪ್ಪ ಹೀಗೆ ನಡೆದವನು, ಅಜ್ಜನೂ ಹೀಗೆಯೇ. ಅವರನ್ನು ಯಾವ ಸಮಿತಿಗೂ ಯಾರೂ ಕರೆದಿರಲಿಲ್ಲ, ಅಷ್ಟೇ.

ವಿಚಾರಣೆಯ ದಿನ ಎಲ್ಲವೂ ಮಾಮೂಲಿನಂತೆ ಸಾಗಿತ್ತು. ಮೆದೆರ್ ಓದಿದ, ಶಾಸಕರು ಆಕಳಿಸಿದರು. ಆಮೇಲೆ ಅಸಾನ್‌ಕುಲ್ ಕ್ಯಾಮೆರಾ ಯಾವ ಕಡೆಗಿದೆ ಎಂದು ನೋಡಿಕೊಂಡು ಎದ್ದ.

"ಹೊಲಿಗೆ ಹೆಣ್ಣುಮಕ್ಕಳ ಹೊಟ್ಟೆ ಮೇಲೆ ಹೊಡೀತಾ ಇದ್ದೀರಿ ನೀವು! ಅವರ ಅಂಗಡಿ ಮುಚ್ಚುತ್ತೋ ಇಲ್ವೋ? ಉಪಮಂತ್ರಿಗಳು ಬೇಡ, ಅವರು ಓದಿದ್ದನ್ನೇ ಓದ್ತಾರೆ. ಹಿಂದೆ ನಮ್ಮ ಬೀಗರು ಕೂತಿದ್ದಾರೆ. ಅವರೇ ಎದ್ದು ಹೇಳಲಿ!"

ಸಭೆ ನಕ್ಕಿತು. ಮೆದೆರ್ ಕೂಡ ಹಿಂದೆ ತಿರುಗಿ ನಿರಾಳವಾಗಿ ತಲೆಯಾಡಿಸಿದ. ಈ ಮನುಷ್ಯನ ಬಾಯಿಂದ ಏನೂ ಹೊರಡುವುದಿಲ್ಲವೆಂಬುದು ಊರಿಗೇ ಗೊತ್ತಿದ್ದ ಸಂಗತಿ.

ತಾಶ್ತಾನ್ ಎದ್ದು ಮೈಕಿನ ಹತ್ತಿರ ಬಂದ. ಮಗಳ ಮದುವೆಯಾದ ಮೇಲೆ ಬೀಗರನ್ನು ನೋಡಿರಲಿಲ್ಲ. ನೋಡಿದ ಮೇಲೆ ಕ್ಷೇಮ ಕೇಳದೆ ಮಾತೆತ್ತುವುದು ಯಾವ ಸಂಸ್ಕಾರ?

"ಚೆನ್ನಾಗಿದೀರಾ ಬೀಗರೇ? ಮನೇಲಿ ಎಲ್ಲಾ ಆರೋಗ್ಯವಾ? ಬೀಗಿತ್ತಿ ಮೊಣಕಾಲು ಹೇಗಿದೆ? ಊರಲ್ಲಿ ಕುದುರೆ, ಕುರಿ ಎಲ್ಲಾ ಚಳಿ ತಡ್ಕೊಂಡವಾ?"

"ಹೂಂ, ತಡ್ಕೊಂಡಿವೆ" ಎಂದ ಅಸಾನ್‌ಕುಲ್. ಅವನ ಗಂಟಲು ಅರ್ಧಕ್ಕೆ ಇಳಿದಿತ್ತು. "ನಿಮ್ಮ ಕಡೆ ಎಲ್ಲಾ ಕ್ಷೇಮ ತಾನೆ?"

"ನಿಮ್ಮ ದಯ."

ಅಧ್ಯಕ್ಷೆ ಕಾಲಿಯಾ ಪೆನ್ನಿನಿಂದ ಲೋಟ ಬಡಿದಳು. "ಸದಸ್ಯರೇ, ಇದು ಬೀಗರ ಔತಣ ಅಲ್ಲ. ಪ್ರಶ್ನೆ!"

"ಅದೇ," ಎಂದ ಅಸಾನ್‌ಕುಲ್, ಮತ್ತೆ ಗಂಟಲೇರಿಸಿ. "ಹೇಳಿ ಬೀಗರೇ. ಮುಚ್ಚುತ್ತೋ, ಇಲ್ವೋ?"

'ವಿಷಯ ನಮ್ಮ ಗಮನದಲ್ಲಿದೆ' ಎಂಬ ಮಾತು ತಾಶ್ತಾನ್‌ನ ನಾಲಗೆಯ ತುದಿಗೆ ಬಂದು ನಿಂತಿತ್ತು. ಎದುರಿಗೆ, ಅವನ ಬಾಯಿಗೆ ಬಾಲದ ಕೊಬ್ಬಿಟ್ಟ ಆ ದಪ್ಪ ಕೈ ಮೇಜಿನ ಮೇಲಿತ್ತು. ಬೀಗದಕೈ, ಕೋಣೆ, ಬಾಗಿಲು ಒಂದೊಂದಾಗಿ ದೂರ ಸರಿಯುವುದು ಅವನಿಗೆ ಕಾಣುತ್ತಲೇ ಇತ್ತು.

"ಮುಚ್ಚುತ್ತೆ ಬೀಗರೇ. ಸಣ್ಣವು, ಮೂರಕ್ಕೊಂದು."

ಅಸಾನ್‌ಕುಲ್ ಕ್ಯಾಮೆರಾ ಬಿಟ್ಟು ಬೀಗರ ಕಡೆ ತಿರುಗಿದ.

"ಮುಚ್ಚುತ್ತೆ ಅಂದ್ರೆ… ಮುಚ್ಚೇಬಿಡುತ್ತೆ ಅಂತಲಾ?"

"ಹೂಂ."

"ಇದು ಸಚಿವಾಲಯಕ್ಕೆ ಗೊತ್ತಾ?"

"ಗೊತ್ತು. ಲೆಕ್ಕ ಹಾಕಿದ್ದು ನಾನೇ."

ಅಸಾನ್‌ಕುಲ್ ಕೈಯಲ್ಲಿದ್ದ ಹಾಳೆಗಳನ್ನು ಮಗುಚಿ ನೋಡಿದ. ಮುಂದಿನ ಸಾಲುಗಳೆಲ್ಲ "ಯಾಕೆ ಉತ್ತರ ಕೊಡುತ್ತಿಲ್ಲ?" ಎಂದೇ ಶುರುವಾಗುತ್ತಿದ್ದವು. ಅವನು ಕೂತುಬಿಟ್ಟ. ಬೇರೆ ದಾರಿ ಕಾಣದೆ ಅಧ್ಯಕ್ಷೆ ಮಸೂದೆಯನ್ನು ತಿದ್ದಿ ತರಲು ವಾಪಸು ಕಳಿಸಿದಳು.

ಕಾರಿನಲ್ಲಿ ಮೆದೆರ್ ಮಸೂದೆಯ ಕಡತವನ್ನು ಮಡಿಸಿ ಚೀಲಕ್ಕೆ ತುರುಕಿದ. ಆಮೇಲೆ, "ಬಾಯ್ಕೆ, ನಿಮಗೆ ಇನ್ನೆಷ್ಟು ಹೆಣ್ಣುಮಕ್ಕಳು?" ಎಂದ.

"ಇನ್ನೊಬ್ಬಳು."

"ದಯವಿಟ್ಟು ಶಾಸಕರ ಮನೆಗೆ ಕೊಡಬೇಡಿ."

ಭಾನುವಾರ ಬೀಗರ ಮನೆಯಲ್ಲಿ ಊಟ. ಬೀಗರಾದರೂ ಬೆನ್ನು ತಟ್ಟುತ್ತಾರೆಂದು ತಾಶ್ತಾನ್ ಎಣಿಸಿದ್ದ. ಬಾಗಿಲಲ್ಲೇ ಅಸಾನ್‌ಕುಲ್ ಕೈ ಅಡ್ಡ ಹಾಕಿದ.

"ಬಂದ್ರಾ? ಬನ್ನಿ, ಮಹಾನುಭಾವರೇ. ಇಡೀ ರಾಜಧಾನಿಲಿ ಉತ್ತರ ಕೊಡದೇ ಇರೋ ಒಬ್ಬನೇ ಒಬ್ಬ ಅಂತ ನಂಬಿ ನಿಮ್ಮನ್ನ ಎಬ್ಬಿಸಿದೆ. ಕಾಲು ಗಂಟೆ ಭಾಷಣ ಇತ್ತು ಕಣ್ರೀ! ಒಂದೇ ಮಾತಲ್ಲಿ ಕೊಂದು ಹಾಕಿದ್ರಿ. ಟೀವಿಲಿ ಏನು ಬಂತು ಗೊತ್ತಾ? ನಿಮ್ಮ ಬೀಗಿತ್ತಿ ಮೊಣಕಾಲು!"

"ಇಡೀ ದೇಶಕ್ಕೆ ನನ್ನ ಕಾಲು ನೋವು ಗೊತ್ತಾಯ್ತು" ಎಂದು ಒಳಗಿನಿಂದ ಬೀಗಿತ್ತಿ ಗಂಡನಿಗೆ ಕೂಗಿದಳು. "ನೀವು ಮೂವತ್ತು ವರ್ಷದಲ್ಲಿ ಒಂದು ಸಲ ಕೇಳಿದ್ರಾ?"

ಚೋಲ್ಪೋನ್ ಚಹಾ ತಂದಿಟ್ಟಳು. ಅಪ್ಪನ ಬಟ್ಟಲಿಗೆ ಮಾತ್ರ ಕೆನೆ ತುಸು ಹೆಚ್ಚಾಗಿ ಬಿತ್ತು.

ವಸಂತದಲ್ಲಿ ಮಸೂದೆ ತಿರುಗಿ ಬಂತು. ಸಣ್ಣ ಹೊಲಿಗೆಯವರಿಗೆ ಇನ್ನೆರಡು ವರ್ಷ ತೂಕದ ಹಳೆಯ ಲೆಕ್ಕವೇ ಎಂದು ಸೇರಿಸಿದ್ದರು. ಅದರ ಕೀರ್ತಿಯನ್ನು ಅಸಾನ್‌ಕುಲ್ ಒಂದು ಟೀವಿಯಲ್ಲೂ ಮೆದೆರ್ ಇನ್ನೊಂದರಲ್ಲೂ ತೆಗೆದುಕೊಂಡರು.

ಮುಖ್ಯಸ್ಥನ ಕೋಣೆ ವೆನೆರಾಳಿಗೆ ಸಿಕ್ಕಿತು. ಅವಳ ಹೂಕುಂಡಗಳನ್ನು ಹೊತ್ತುಕೊಟ್ಟವನು ತಾಶ್ತಾನ್. ಕೆಲಸ ಮುಗಿದ ಮೇಲೆ ಅವಳು ಸಂಕೋಚದಿಂದ, "ಕೂತ್ಕೊಳ್ಳಿ ಬಾಯ್ಕೆ, ಒಂದು ಬಟ್ಟಲು ಚಹಾ ಕುಡಿಯೋಣ" ಎಂದು ಬಾಗಿಲು ಹಾಕಿದಳು.

ಇಬ್ಬರೂ ಕೂತರು. ಗೋಡೆಯ ಗಡಿಯಾರದ ಸದ್ದು ಕೇಳಿಸಿತು. ಒಬ್ಬರೂ ಕೆಮ್ಮಲಿಲ್ಲ, ಈರುಳ್ಳಿಯ ಮಾತಿಲ್ಲ. ತಾಶ್ತಾನ್ ಚಹಾ ಊದಿದ, ಅದರ ಸದ್ದೂ ಜೋರಾಗಿಯೇ ಕೇಳಿಸಿತು.

"ಬಾಯ್ಕೆ," ಎಂದಳು ವೆನೆರಾ ಸ್ವಲ್ಪ ಹೊತ್ತಿನ ಮೇಲೆ, "ಬಾಗಿಲು ತೆಗೀಲಾ?"

"ತೆಗಿಯಮ್ಮ" ಎಂದ ತಾಶ್ತಾನ್.