ಬೀಗದ ಸಿಸ್ಟರ್

ಕಾಲೇಜಿನ ಆಟಗಾರ್ತಿಯರ ಓದಿನ ಹೊಣೆ ಹೊತ್ತ ಸಿಸ್ಟರಿಗೆ ಹುಡುಗಿಯರು ಇಟ್ಟ ಹೆಸರು ‘ಬೀಗದ ಸಿಸ್ಟರ್’. ಓದು ಮುಗಿಸದವರ ಓಟದ ಬೂಟುಗಳೆಲ್ಲ ಅವರ ಕಪಾಟಿನಲ್ಲಿ, ಕಪಾಟಿನ ಕೀಲಿ ಜಪಮಾಲೆಯ ಜೊತೆ ಅವರ ಸೊಂಟದಲ್ಲಿ. ಪ್ರಾರ್ಥನೆಯ ಹೊತ್ತಿಗೂ ಕೈ ಮೊದಲು ಕೀಲಿ ತಡವಿ ಆಮೇಲೆ ಮಣಿಗೆ ಹೋಗುತ್ತದೆಂದು ಹುಡುಗಿಯರು ಆಡಿಕೊಳ್ಳುತ್ತಾರೆ. ಆಮೆಯೂ ನಾಚುವ ನಡಿಗೆ. ಅವಸರ ಮಾಡಿದವರಿಗೆ “ಪದಕ ಮಾಸುತ್ತಮ್ಮ, ಡಿಗ್ರಿ ಮಾಸಲ್ಲ” ಎಂಬ ಒಂದೇ ಉತ್ತರ. ಇವತ್ತು ಫೈನಲ್. ಗೇಟಿನಲ್ಲಿ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದೆ. ಕಾಲೇಜಿನ ಅತಿ ವೇಗದ ಹುಡುಗಿ ಬರಿಗಾಲಲ್ಲಿ ಕೂತು ಪ್ರಬಂಧದ ಕೊನೆಯ ಪುಟ ಬರೆಯುತ್ತಿದ್ದಾಳೆ. ಇಂದೇ ಒಪ್ಪಿಸದಿದ್ದರೆ ಅವಳ ವರ್ಷ ನೀರುಪಾಲು. “ಕೈ ಮುಗೀತೀನಿ ಸಿಸ್ಟರ್, ಕೀಲಿ ಕೊಡಿ! ಬಂದ್ಮೇಲೆ ಬರೀತಾಳೆ,” ಎಂದು ಕೋಚ್ ಬಾಗಿಲಲ್ಲಿ ಚಡಪಡಿಸಿದರು. ಸಿಸ್ಟರ್ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದರು. ಹಿಂದೊಮ್ಮೆ ಇದೇ ಮಾತಿಗೆ ಅವರು ಬೀಗ ತೆಗೆದಿದ್ದರು. ಕಪಾಟಿನ ಮೇಲಿನ ಹಲಗೆಯಲ್ಲಿ ಕೆಂಪು ಲೇಸಿನ ಒಂದು ಜೋಡಿ ಈಗಲೂ ಇದೆ. ಅದರ ಒಡತಿ ಅಂದು ಗೆದ್ದಳು, ಮುಂದಿನ ಓಟದಲ್ಲಿ ಮಂಡಿ ಮುರಿದುಕೊಂಡಳು, ಡಿಗ್ರಿಯಿಲ್ಲದೆ ಹೊರಟಳು. ಹೊರಡುವಾಗ ಬೂಟುಗಳನ್ನು ತಾನೇ ತಂದಿಟ್ಟು, “ಅವತ್ತು ನೀವು ಕೊಡಬಾರದಿತ್ತು ಸಿಸ್ಟರ್” ಎಂದಿದ್ದಳು. ಹಾರ್ನ್ ನಿಂತು ಎಂಜಿನ್ ಗುರುಗುಟ್ಟಿತು. “ನೀನು ಬರಿ ಮಗಳೇ, ಬಸ್ಸು ಹೇಗೆ ಹೋಗತ್ತೆ ನೋಡ್ತೀನಿ” ಎಂದವರೇ ಸಿಸ್ಟರ್, ಹೆಜ್ಜೆ ಬಿರುಸಾಗಿ ಇಟ್ಟದ್ದನ್ನೇ ಯಾರೂ ಕಾಣದ ಸಿಸ್ಟರ್, ನಿಲುವಂಗಿ ಎತ್ತಿ ಹಿಡಿದು ಗೇಟಿನತ್ತ ಓಡಿದರು.